ಕೊನೆಯ ಟ್ಯೂಬಿಗೆ ಮಂಜೂರಾತಿ

ನೀರು ಸರಬರಾಜು ಕಚೇರಿಯ ಸ್ಟೋರ್ ಕೀಪರಿಗೆ ಮನೆಯಲ್ಲಿ, ಬೀದಿಯಲ್ಲಿ, ಕಚೇರಿಯಲ್ಲಿ ಇದ್ದ ಹೆಸರು ಒಂದೇ, ಸ್ಪೇರ್ ಸಾಹೇಬರು. ಹೆಸರು ಬಂದ ಕಾರಣ ತಿಳಿಯಲು ಅವರ ಜೇಬು ನೋಡಿದರೆ ಸಾಕಿತ್ತು. ಅಲ್ಲಿ ಎರಡು ಪೆನ್ನು, ಎರಡೂ ಕೈಕೊಟ್ಟರೆ ಇರಲಿ ಎಂದು ಒಂದು ಪೆನ್ಸಿಲ್ಲು, ಅಂಗಿಯ ಗುಂಡಿ ಕಿತ್ತುಬಂದರೆ ಎಂದು ನಾಲ್ಕು ಗುಂಡಿ, ದಾರ, ಸೂಜಿ, ಆ ಸೂಜಿ ಕಳೆದರೆ ಎಂದು ಇನ್ನೊಂದು ಸೂಜಿ. ಹದಿನೆಂಟು ವರ್ಷದಿಂದ ಸ್ಟೋರಿನ ಬೀಗದ ಕೈ ಅವರ ಸೊಂಟದಲ್ಲಿತ್ತು. ಅಷ್ಟು ವರ್ಷಗಳಲ್ಲಿ ಬೇಡಿಕೆ ಚೀಟಿಗೆ ರುಜು ಬೀಳದೆ ಒಂದು ವಾಷರ್ ಕೂಡ ಅಲ್ಲಿಂದ ಹೊರಗೆ ಬಂದಿರಲಿಲ್ಲ. ಅದಕ್ಕಿಂತ ಬಿಗಿಯಾದ ನಿಯಮ ಇನ್ನೊಂದಿತ್ತು: ಯಾವ ಸಾಮಾನೇ ಆಗಲಿ, ಕೊನೆಯದೊಂದು ಉಳಿದಾಗ ಮೇಲಧಿಕಾರಿಯ ಮಂಜೂರಾತಿ ಇಲ್ಲದೆ ಕೊಡುವಂತಿಲ್ಲ. ಒಮ್ಮೆ ದೊಡ್ಡ ಪೈಪು ಒಡೆದು ಕಚೇರಿಯೊಳಗೇ ನೀರು ನುಗ್ಗಿದಾಗ, ಕೊನೆಯ ವಾಲ್ವನ್ನು ತೊಡೆಯ ಮೇಲಿಟ್ಟುಕೊಂಡು, ಮೇಲಧಿಕಾರಿ ಊಟ ಮುಗಿಸಿ ಬಂದು ರುಜು ಹಾಕುವವರೆಗೂ ಅವರು ಕುರ್ಚಿ ಬಿಟ್ಟು ಕದಲಿರಲಿಲ್ಲ. ನೀರು ಆಗ ಕುರ್ಚಿಯ ಸೀಟಿಗೆ ಬಂದಿತ್ತು ಎಂದು ಕಂಡವರು ಹೇಳುತ್ತಾರೆ.

ಇಂಥವರು ಟ್ರಯಥ್ಲಾನಿಗೆ ಹೆಸರು ಕೊಟ್ಟದ್ದು ಬಾಯಿ ಜಾರಿ. ಚಹಾದ ಹೊತ್ತಿನಲ್ಲಿ ಹೊಸ ಇಂಜಿನಿಯರ್ ಮೇಡಂ ವಿವರಿಸುತ್ತಿದ್ದರು. "ಎರಡು ಕಿಲೋಮೀಟರ್ ಈಜಬೇಕು, ತೊಂಬತ್ತು ಕಿಲೋಮೀಟರ್ ಸೈಕಲ್ ತುಳೀಬೇಕು, ಆಮೇಲೆ ಇಪ್ಪತ್ತೊಂದು ಕಿಲೋಮೀಟರ್ ಓಡಬೇಕು. ಎಲ್ಲಾ ಒಂದೇ ದಿನ, ಶುರುವಾದ ಒಂಬತ್ತು ಗಂಟೆ ಒಳಗೆ."

"ಅದೇನ್ ಮಹಾ ಮೇಡಂ," ಎಂದರು ಸಾಹೇಬರು, ಬಿಸ್ಕತ್ತು ಅದ್ದುತ್ತ. "ಕ್ರಮವಾಗಿ ಮಾಡಿದ್ರೆ ಆಯ್ತಪ್ಪ."

"ಹಾಗಾದ್ರೆ ನೀವೂ ಬನ್ನಿ!"

ಬಿಸ್ಕತ್ತು ಚಹಾದಲ್ಲಿ ಮುರಿದುಬಿತ್ತು. ಸಂಜೆಯೊಳಗೆ ಹೆಡ್ ಕ್ಲರ್ಕು ನೋಟಿಸ್ ಬೋರ್ಡಿನಲ್ಲಿ 'ನಮ್ಮ ಸಾಹೇಬರಿಗೆ ಶುಭವಾಗಲಿ' ಎಂದು ಅಂಟಿಸಿಬಿಟ್ಟಿದ್ದ. ನೋಟಿಸ್ ಬೋರ್ಡಿಗೆ ಬಂದದ್ದನ್ನು ಹಿಂದೆ ತೆಗೆಯುವ ಪದ್ಧತಿ ಆ ಕಚೇರಿಯಲ್ಲಿ ಇರಲಿಲ್ಲ.

ನಂಬುವವರು ನಂಬಲಿ, ಹತ್ತು ತಿಂಗಳ ಅಭ್ಯಾಸದಲ್ಲಿ ಸಾಹೇಬರಿಗೆ ಮೂರೂ ಒಗ್ಗಿದವು. ಚಿಕ್ಕಂದಿನಲ್ಲಿ ಕಲ್ಲುಗಣಿಯ ಹೊಂಡದಲ್ಲಿ ಈಜಿದ ಕೈಕಾಲು ಮರೆತಿರಲಿಲ್ಲ. ಓಟ ನಿಧಾನ, ಆದರೆ ನಿಲ್ಲುತ್ತಿರಲಿಲ್ಲ. ಒಂದು ಸೆಕೆಂಡ್ ಹ್ಯಾಂಡ್ ರೇಸ್ ಸೈಕಲ್ಲೂ ಮನೆಗೆ ಬಂತು. ತೊಡಕು ಶುರುವಾದದ್ದು ಆ ಸೈಕಲ್ಲಿನ ಹಿಂದೆಯೇ ಮಾವ ಬಂದಾಗ.

ಮಾವನವರದು ನಲವತ್ತು ವರ್ಷದ ಸೈಕಲ್ ರಿಪೇರಿ ಅಂಗಡಿ. ಮಾತು ಕಡಿಮೆ. ಟ್ಯೂಬನ್ನು ನೀರಿನ ಬಾನಿಯಲ್ಲಿ ಅದ್ದಿ ಎಲ್ಲಿ ಗುಳ್ಳೆ ಬರುತ್ತದೆ ಎಂದು ನೋಡುವ ಹಾಗೆಯೇ ಮನುಷ್ಯರನ್ನೂ ನೋಡುತ್ತಿದ್ದರು. ಅಳಿಯನನ್ನು ಹನ್ನೆರಡು ವರ್ಷ ಹಾಗೆ ನೋಡಿ ಅವರು ಬಂದಿದ್ದ ತೀರ್ಮಾನ ಇಷ್ಟೇ: ಸಾಮಾನು ಜೋಡಿಸಿ ಬೀಗ ಹಾಕಲು ಬರುತ್ತದೆ, ಅದನ್ನು ಬಳಸಲು ಬರುವುದಿಲ್ಲ. ಅವರು ಇದನ್ನು ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೂ ಸಾಹೇಬರಿಗೆ ಗೊತ್ತಿತ್ತು, ಮತ್ತು ಹನ್ನೆರಡು ವರ್ಷದಿಂದ ಅದು ಅವರನ್ನು ಕೊರೆಯುತ್ತಿತ್ತು. ಈ ಪಂದ್ಯ ಮುಗಿಸಿಬಿಟ್ಟರೆ ಮಾವ ಒಂದೇ ಒಂದು ಸಲ ತಲೆದೂಗಿಯಾರು ಎಂಬುದು ಅವರ ಒಳಗಿನ ಆಸೆ.

ಮಾವ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು ಹೇಳಿದರು, "ಅಳಿಯಂದ್ರೇ, ಒಂದ್ಸಲ ಅಂಗಡಿಗೆ ಬನ್ನಿ. ಟ್ಯೂಬ್ ಬದಲಾಯಿಸೋದು ತೋರಿಸಿಕೊಡ್ತೀನಿ. ಐದು ನಿಮಿಷದ ಕೆಲಸ."

"ಗೊತ್ತು ಮಾವ," ಎಂದುಬಿಟ್ಟರು ಸಾಹೇಬರು.

"ಗೊತ್ತಾ?"

"ಗೊತ್ತು."

ಗೊತ್ತಿರಲಿಲ್ಲ. ಹುಟ್ಟಿದಾರಭ್ಯ ಅವರು ಒಂದು ಚಕ್ರವನ್ನೂ ಬಿಚ್ಚಿದವರಲ್ಲ. ಆದರೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಮಾವನ ಹುಬ್ಬು ಅರ್ಧ ಇಂಚು ಮೇಲೆ ಹೋಗಿತ್ತು, ಆ ಗಳಿಗೆಯಲ್ಲಿ ಬೇರೆ ಮಾತು ಹೊರಡಲಿಲ್ಲ.

"ಸರಿ," ಎಂದರು ಮಾವ. "ಎರಡು ಟ್ಯೂಬು, ಒಂದು ಟೈರು, ಒಂದು ಪಂಪು ಇಟ್ಕೊಳ್ಳಿ. ಸಾಕು."

"ಗೊತ್ತು ಮಾವ."

ಎರಡು ಟ್ಯೂಬು ಸಾಕು ಎನ್ನುವುದನ್ನು ಸ್ಪೇರ್ ಸಾಹೇಬರು ಕಿವಿಗೆ ಹಾಕಿಕೊಂಡಾರೆಯೇ? ಐದು ಟ್ಯೂಬು ಬಂದವು. ಮಡಚುವ ಟೈರು ಎರಡು, ಪಂಪು ಎರಡು, ಟೈರು ಎಬ್ಬಿಸುವ ಲಿವರ್ ಎಂಟು, ತೇಪೆ ಹಾಕುವ ರಬ್ಬರು ಎರಡು ಡಬ್ಬಿ, ಅಂಟಿಸುವ ಸೊಲ್ಯೂಷನ್ ಮೂರು. ಎಲ್ಲವೂ ಪೊಟ್ಟಣ ಒಡೆಯದೆ ಹಾಗೇ ಇದ್ದವು. ಒಡೆದ ಪೊಟ್ಟಣವನ್ನು ಸ್ಟೋರಿನಲ್ಲಿ ಇಡುವುದು ಅವರ ಜಾಯಮಾನವಲ್ಲ. ಇಷ್ಟನ್ನೂ ಹೊರಲು ಪಕ್ಕದ ಮನೆಯ ದರ್ಜಿಯ ಕೈಯಲ್ಲಿ ಹದಿನಾಲ್ಕು ಜೇಬಿನ ಬೆನ್ನುಚೀಲ ಹೊಲಿಸಿದರು.

ದರ್ಜಿ ಅಳತೆ ತೆಗೆದುಕೊಳ್ಳುವಾಗಲೇ ವಿಷಯ ಊಹಿಸಿಕೊಂಡ. ಟೈರು, ಟ್ಯೂಬು, ಹದಿನಾಲ್ಕು ಜೇಬು, ಸದಾ ಗಂಭೀರ ಮುಖದ ಗಂಡಸು. ಎರಡೇ ದಿನದಲ್ಲಿ ಮಹಡಿಯ ಮನೆಯ ನಿವೃತ್ತ ಹೆಡ್‌ಮಿಸ್ಸು ಇಳಿದುಬಂದು ಸಾಹೇಬರ ಹೆಂಡತಿಯ ಕೈ ಹಿಡಿದುಕೊಂಡರು. "ನೋಡಮ್ಮ, ಗಂಡ ಹೆಂಡತಿ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ಅಷ್ಟಕ್ಕೇ ಅವ್ರು ಸೈಕಲ್ ಹತ್ತಿ ಮನೆ ಬಿಟ್ಟು ಹೋಗೋದು ಅಂದ್ರೆ..."

"ಎಲ್ಲೂ ಹೋಗಲ್ಲ ಮಿಸ್. ಸಂಜೆ ನಾಲ್ಕಕ್ಕೆ ವಾಪಸ್ ಬರ್ತಾರೆ."

"ಎಲ್ಲ ಹೆಂಗಸ್ರೂ ಹಾಗೇ ಅಂದ್ಕೊಂಡಿರ್ತಾರೆ," ಎಂದು ಕಣ್ಣೊರೆಸಿಕೊಂಡು ಅವರು ಮಹಡಿ ಹತ್ತಿದರು. ಪಂದ್ಯದ ದಿನ ದಾರಿಯಲ್ಲೇ ನಿಂತು ಸಾಹೇಬರನ್ನು ತಡೆಯುವುದೆಂದು ಅವರೂ ದರ್ಜಿಯೂ ನಿರ್ಧರಿಸಿದ್ದು ಆಗಲೇ.

ಪಂದ್ಯ ಬೆಳಿಗ್ಗೆ ಏಳಕ್ಕೆ ಆರಂಭವಾಯಿತು. ಸಾಹೇಬರು ಕೆರೆಯಿಂದ ಎಂಟಕ್ಕೆ ಎದ್ದು ಬಂದರು, ಎಂಟೂ ಐದಕ್ಕೆ ಚೀಲ ಬೆನ್ನಿಗೇರಿಸಿ ಸೈಕಲ್ ಹತ್ತಿದರು. ಮಧ್ಯಾಹ್ನ ಒಂದು ಗಂಟೆಯೊಳಗೆ ತೊಂಬತ್ತು ಕಿಲೋಮೀಟರ್ ಮುಗಿಸದಿದ್ದರೆ ಓಡಲು ಬಿಡುವುದಿಲ್ಲ ಎಂಬುದು ಕಟ್ಟುನಿಟ್ಟಾದ ನಿಯಮ. ಇನ್ನೊಂದು ನಿಯಮ, ಪಂದ್ಯದಲ್ಲಿರುವವರು ಪರಸ್ಪರ ಟ್ಯೂಬು ಕೊಟ್ಟುಕೊಳ್ಳಬಹುದು. ಹೊರಗಿನವರು ಮಾತ್ರ ಸೈಕಲ್ಲನ್ನು ಮುಟ್ಟುವಂತಿಲ್ಲ, ಹೇಗೆ ಮಾಡಬೇಕೆಂದು ಹೇಳಿಕೊಡುವಂತಿಲ್ಲ.

ಐವತ್ತನೆಯ ಕಿಲೋಮೀಟರಿನ ಹತ್ತಿರ ಹಿಂದಿನ ದಿನ ಖಾಲಿ ಬಾಟಲಿಯ ಲಾರಿಯೊಂದು ಮಗುಚಿತ್ತು. ರಸ್ತೆ ಗುಡಿಸಿದ್ದರು, ಗುಡಿಸುವವರು ಗುಡಿಸುವಷ್ಟು. ಅಲ್ಲಿ ಕಡ್ಡಿಯಂಥ ಒಬ್ಬ ಉದ್ದನೆಯ ಆಸಾಮಿ ಚಪ್ಪಟೆಯಾದ ಚಕ್ರ ಹಿಡಿದು ನಿಂತಿದ್ದ. "ಸರ್, ಇದ್ದ ಟ್ಯೂಬ್ ಆಗ್ಲೇ ಮುಗೀತು. ಇನ್ನೊಂದು ಸಿಗುತ್ತಾ?"

ಸಾಹೇಬರ ಜೀವಮಾನದಲ್ಲಿ ಯಾರೂ ಇಷ್ಟು ವಿನಯದಿಂದ ಸಾಮಾನು ಕೇಳಿರಲಿಲ್ಲ. ಅವರು ಇಳಿದರು. ಚೀಲದ ಮೂರನೆಯ ಜೇಬಿನಿಂದ ಟ್ಯೂಬು ತೆಗೆದರು, ಏಳನೆಯ ಜೇಬಿನಿಂದ ಬೇಡಿಕೆ ಚೀಟಿಯ ಪುಸ್ತಕ ತೆಗೆದರು. "ಇಲ್ಲೊಂದು ರುಜು."

ಆ ಆಸಾಮಿ ಬಾಯಿ ಬಿಟ್ಟುಕೊಂಡೇ ರುಜು ಹಾಕಿದ. ಆಮೇಲೆ ಅವನು ಚಕ್ರ ಬಿಚ್ಚತೊಡಗಿದಾಗ ಸಾಹೇಬರಿಗೆ ಒಂದು ಉಪಾಯ ಹೊಳೆಯಿತು. ಕಲಿಯಲು ಇದಕ್ಕಿಂತ ಒಳ್ಳೆಯ ಸಮಯ ಇನ್ನೆಲ್ಲಿ ಸಿಕ್ಕೀತು? ಮೇಲ್ವಿಚಾರಣೆ ಮಾಡುವವರಂತೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಚಕ್ರ ಹೇಗೆ ಕಳಚಿತೆಂದು ಆ ಚೀಟಿಯ ಹಿಂದೆ ಬರೆದುಕೊಂಡರು.

ನೂರು ಗಜ ಮುಂದೆ ಹಲ್ಲಿನ ಡಾಕ್ಟರೊಬ್ಬರು ಕುಳಿತಿದ್ದರು. ಅವರು ಲಿವರ್ ಹಾಕಿ ಟೈರು ಎಬ್ಬಿಸಿದ ನಾಜೂಕು ನೋಡಿ ಸಾಹೇಬರಿಗೆ ತಮ್ಮ ದವಡೆಯ ನೆನಪಾಯಿತು. ಅದು ಎರಡನೆಯ ಚೀಟಿಯ ಹಿಂದೆ ಹೋಯಿತು. ಮೂರನೆಯವರು ಸಂಗೀತದ ಟೀಚರು. ಹೊಸ ಟ್ಯೂಬು ಹಾಕುವ ಮೊದಲು ಅವರು ಏನೋ ಗುನುಗುತ್ತ ಟೈರಿನ ಒಳಗೆ ಸುತ್ತಲೂ ಬೆರಳು ಆಡಿಸಿದರು. ಮೊದಲಿನ ಇಬ್ಬರೂ ಹಾಗೇ ಮಾಡಿದ್ದರು. ಸೈಕಲ್ಲಿಗೆ ಸಮಾಧಾನ ಹೇಳುವ ಕ್ರಮ ಇರಬೇಕೆಂದುಕೊಂಡು ಸಾಹೇಬರು ಮೂರನೆಯ ಚೀಟಿಯ ಹಿಂದೆ 'ಟೈರಿನೊಳಗೆ ಬೆರಳಾಡಿಸುವುದು, ಕಾರಣ ತಿಳಿಯದು' ಎಂದು ಬರೆದರು. ನಾಲ್ಕನೆಯ ಚಕ್ರ ಸಾಕ್ಷಾತ್ ಇಂಜಿನಿಯರ್ ಮೇಡಂ ಅವರದು.

"ಸಾಹೇಬ್ರೇ, ನಂಗೂ ರುಜುನಾ?"

"ಕಚೇರಿ ಬೇರೆ, ಮುಲಾಜು ಬೇರೆ ಮೇಡಂ."

ಮೇಡಂ ಟ್ಯೂಬು ಹೇಗೆ ಕೂರಿಸಿದರು, ಗಾಳಿ ಹೇಗೆ ತುಂಬಿದರು ಎಂಬುದು ನಾಲ್ಕನೆಯ ಚೀಟಿಯ ಹಿಂದೆ ಹೋಯಿತು.

ಇಷ್ಟರಲ್ಲಿ ಸುದ್ದಿಗೆ ಕಾಲು ಬಂದಿತ್ತು. ನೀರು ಹಂಚುವ ಕಡೆ ನಿಂತ ಸ್ವಯಂಸೇವಕರು "ಮುಂದೆ ಪಂಕ್ಚರ್ ಅಂಗಡಿ ಇದೆ, ಅಲ್ಲೀವರೆಗೆ ತಳ್ಕೊಂಡು ಹೋಗಿ" ಎಂದು ಎಲ್ಲರಿಗೂ ಹೇಳತೊಡಗಿದರು. ದಾರಿಹೋಕನೊಬ್ಬ ತನ್ನ ಮೊಪೆಡ್ಡನ್ನು ತಂದು ಸಾಹೇಬರ ಮುಂದೆ ನಿಲ್ಲಿಸಿ, "ಹಿಂದಿಂದು ಸ್ವಲ್ಪ ನೋಡಿಬಿಡಿ" ಎಂದ. ಮೋಟಾರ್ ಬೈಕಿನ ಮೇಲೆ ಬಂದ ರೆಫರಿ ಕೆಂಡವಾದ.

"ಏನ್ರೀ ಇದು? ಪಂದ್ಯದ ರಸ್ತೇಲಿ ಅಂಗಡಿ ಇಡೋಕೆ ಯಾರು ಹೇಳಿದ್ದು?"

ಸಾಹೇಬರು ತಿರುಗಿ ಎದೆಯ ಮೇಲಿನ ನಂಬರು ತೋರಿಸಿದರು.

ರೆಫರಿ ಆ ನಂಬರನ್ನು, ಬೆನ್ನಿನ ಚೀಲವನ್ನು, ಕೈಯಲ್ಲಿದ್ದ ಚೀಟಿಗಳನ್ನು ಮೂರು ಸಲ ನೋಡಿದ. ಹದಿನೈದು ವರ್ಷದ ಅನುಭವ ಅವನ ನೆರವಿಗೆ ಬರಲಿಲ್ಲ. "ಮುಂದೆ ಹೋಗಿ ಸರ್," ಎಂದಷ್ಟೇ ಹೇಳಿ ಬೈಕು ಓಡಿಸಿದ.

ಎಪ್ಪತ್ತೈದನೆಯ ಕಿಲೋಮೀಟರಿನ ಚಹಾದಂಗಡಿಯ ಮುಂದೆ ಹೆಂಡತಿ, ಮಾವ, ಹೆಡ್‌ಮಿಸ್ಸು, ದರ್ಜಿ ಕಾಯುತ್ತಿದ್ದರು. ನೀರು ಕುಡಿಯಲು ಅಲ್ಲಿ ನಿಂತ ರೆಫರಿ ಹಣೆ ಒರೆಸಿಕೊಳ್ಳುತ್ತ ಹೇಳಿದ, "ಹಿಂದೆ ಒಬ್ರು ಬರ್ತಿದ್ದಾರೆ ನೋಡಿ. ಎದೆ ಮೇಲೆ ನಂಬರು, ಬೆನ್ನ ಮೇಲೆ ಅಂಗಡಿ. ಆಗ್ಲೇ ನಾಲ್ಕು ಪಂಕ್ಚರ್ ಮುಗ್ಸಿದ್ದಾರೆ. ಮೇಲಿಂದ ಪ್ರತಿಯೊಬ್ರ ಹತ್ರಾನೂ ರುಜು ಹಾಕಿಸ್ಕೋತಾರೆ!"

"ರುಜು ಅಂದ್ರೆ ನಮ್ಮವ್ರೇ," ಎಂದಳು ಹೆಂಡತಿ.

ಮಾವ ಚಹಾದ ಲೋಟ ಕೆಳಗಿಟ್ಟರು. "ನಾಲ್ಕಾ? ನಮ್ಮ ಅಳಿಯಂದ್ರು ನಾಲ್ಕು ಪಂಕ್ಚರ್ ಹಾಕಿದ್ರಾ?"

ಹನ್ನೆರಡು ವರ್ಷದಲ್ಲಿ ಮೊದಲ ಬಾರಿ ಅವರ ಮುಖ ಅರಳಿತು. ಕಾಲರು ಸರಿಪಡಿಸಿಕೊಂಡರು. ಚಹಾದಂಗಡಿಯವನಿಗೆ, ಬಸ್ಸಿಗೆ ಕಾಯುತ್ತಿದ್ದವರಿಗೆ, ಕೇಳದವರಿಗೆ ಕೂಡ ಹೇಳಿದರು. "ನನ್ನ ಅಳಿಯ. ನಾನು ಏನೂ ಕಲಿಸಿದ್ದಲ್ಲ. ಗೊತ್ತು ಅಂದಿದ್ರು, ನಾನೇ ನಂಬಿರ್ಲಿಲ್ಲ ನೋಡಿ." ನೋಡುನೋಡುತ್ತ ಮೂವತ್ತು ಜನ ಸೇರಿದರು. ಇಷ್ಟು ದೊಡ್ಡ ಕಸುಬುದಾರ ಸೈಕಲ್ ಮೇಲೆ ಬರುವುದನ್ನು ನೋಡದೆ ಬಸ್ಸು ಹತ್ತಲು ಯಾರಿಗೂ ಮನಸ್ಸಾಗಲಿಲ್ಲ.

ಹನ್ನೆರಡೂ ಐದಕ್ಕೆ ಸಾಹೇಬರು ತಿರುವಿನಲ್ಲಿ ಕಾಣಿಸಿದರು. ಚಪ್ಪಾಳೆ ಬಿತ್ತು. ಹೆಡ್‌ಮಿಸ್ಸು "ನಿಲ್ಲಿ, ಮನೆಗೆ ಹೋಗೋಣ!" ಎಂದು ಎರಡೂ ಕೈ ಚಾಚಿ ರಸ್ತೆಯಂಚಿಗೆ ಬಂದರು. ಆ ಕ್ಷಣಕ್ಕೆ ಸರಿಯಾಗಿ, ಅವರ ಮಾತಿಗೆ ಓಗೊಟ್ಟಂತೆ, ಹಿಂದಿನ ಚಕ್ರ ಬುಸ್ಸೆಂದು ಕುಳಿತುಬಿಟ್ಟಿತು.

"ಏನೂ ಚಿಂತೆ ಇಲ್ಲ," ಎಂದರು ಮಾವ ಜನರಿಗೆ, ಕೈ ಎತ್ತಿ. "ಐದೇ ನಿಮಿಷ. ನೋಡ್ತಾ ಇರಿ."

ಮೂವತ್ತು ಜನ ಸುತ್ತುವರಿದಿದ್ದರು. ಎಲ್ಲರ ಮುಂದೆ ಮಾವ ಎದೆಯುಬ್ಬಿಸಿ ನಿಂತಿದ್ದರು, ಅವರ ಪಕ್ಕದಲ್ಲಿ ರೆಫರಿ. ಸಾಹೇಬರು ಚೀಲದ ಮೂರನೆಯ ಜೇಬಿಗೆ ಕೈ ಹಾಕಿದರು, ಹಾಕಿದ ಕೈ ಅಲ್ಲೇ ನಿಂತಿತು.

"ಏನಾಯ್ತು ರೀ?" ಎಂದಳು ಹೆಂಡತಿ.

"ಒಂದೇ ಉಳಿದಿದೆ."

"ಒಂದೇ ತಾನೇ ಬೇಕಾಗಿರೋದು?"

"ಕೊನೇದು ಕಣೇ. ಮೇಲಧಿಕಾರಿ ಮಂಜೂರು ಮಾಡ್ದೆ ಹೇಗೆ ತೆಗೀಲಿ?"

ಇದನ್ನು ಯಾರಾದರೂ ನಾಟಕ ಎಂದುಕೊಂಡರೆ ಅವರಿಗೆ ಸ್ಟೋರ್ ಕೀಪರುಗಳ ಪರಿಚಯ ಇಲ್ಲವೆಂದೇ ಅರ್ಥ. ಹದಿನೆಂಟು ವರ್ಷದ ಅಭ್ಯಾಸ ಆ ಕೈಯನ್ನು ಹಿಡಿದಿತ್ತು. ಮಂಜೂರು ಮಾಡಬಹುದಾಗಿದ್ದ ಇಂಜಿನಿಯರ್ ಮೇಡಂ ಎಷ್ಟೋ ಮುಂದೆ ಹೋಗಿಯಾಗಿತ್ತು. ಗಡಿಯಾರ ಹನ್ನೆರಡೂ ಎಂಟು ತೋರಿಸುತ್ತಿತ್ತು.

ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಮನೇಲಿ ನಿಮಗೆ ಮೇಲಧಿಕಾರಿ ಯಾರು?"

ಸಾಹೇಬರು ಪ್ರಾಮಾಣಿಕರು. "ನೀನೇ."

"ಹಾಗಾದ್ರೆ ಕೊಡಿ ಇಲ್ಲಿ, ಚೀಟಿ."

"ಒಂದ್ನಿಮಿಷ!" ಎಂದ ರೆಫರಿ. "ಹೊರಗಿನವರ ಸಹಾಯ ಪಡೆಯೋ ಹಾಗಿಲ್ಲ." ಜೇಬಿನಿಂದ ನಿಯಮದ ಪುಸ್ತಕ ತೆಗೆದು ಮೊದಲಿನಿಂದ ಕೊನೆಯವರೆಗೆ ಮಗುಚಿದ. ಮುಟ್ಟುವುದರ ಬಗ್ಗೆ ಇತ್ತು, ತಳ್ಳುವುದರ ಬಗ್ಗೆ ಇತ್ತು, ಹೆಂಡತಿ ರುಜು ಹಾಕುವುದರ ಬಗ್ಗೆ ಒಂದಕ್ಷರ ಇರಲಿಲ್ಲ. "ಹಾಕ್ಲಿ," ಎಂದ ಸೋತ ದನಿಯಲ್ಲಿ.

ಸಾಹೇಬರು ಗಾಬರಿಯಲ್ಲಿ ಕೈಗೆ ಸಿಕ್ಕಿದ ಚೀಟಿ ಎಳೆದು ಅವಳಿಗೆ ಕೊಟ್ಟರು. ಅವಳು ಅಡ್ಡಡ್ಡ 'ಮಂಜೂರು' ಎಂದು ಬರೆದು ರುಜು ಜಡಿದಳು. ಟ್ಯೂಬು ಹೊರಗೆ ಬಂತು. ಮೊದಲನೆಯ ಚೀಟಿ ನೋಡಿಕೊಂಡು ಸಾಹೇಬರು ಚಕ್ರ ಬಿಚ್ಚಿದರು. ಎರಡನೆಯ ಚೀಟಿ ನೋಡಿಕೊಂಡು ಟೈರು ಎಬ್ಬಿಸಿ ಹಳೆಯ ಟ್ಯೂಬು ಎಳೆದರು. ಚೀಟಿ ನೋಡಿ ಕೆಲಸ ಮಾಡುವ ಕಸುಬುದಾರನನ್ನು ಮಾವ ಎಂದೂ ಕಂಡಿರಲಿಲ್ಲ. ಅವರ ಎದೆ ತುಸು ತಗ್ಗಿತು.

ಮೂರನೆಯ ಚೀಟಿ ಇರಲಿಲ್ಲ. ಏಳನೆಯ ಜೇಬಿನಲ್ಲಿ ಇಲ್ಲ, ಎಂಟರಲ್ಲಿ ಇಲ್ಲ, ನೆಲದ ಮೇಲೂ ಇಲ್ಲ. ಅದು ಹೆಂಡತಿಯ ಕೈಯಲ್ಲಿತ್ತು, ಮೇಲೆ ಮಂಜೂರಾತಿ ಹೊತ್ತುಕೊಂಡು.

"ಅದನ್ನ ಈ ಕಡೆ ಕೊಡು!"

"ಕೊಡೋ ಹಾಗಿಲ್ಲ," ಎಂದ ರೆಫರಿ, ಕೊನೆಗೂ ಪುಸ್ತಕದಲ್ಲಿ ಒಂದು ನಿಯಮ ಸಿಕ್ಕಿದ ಸಂತೋಷದಲ್ಲಿ. "ಹೊರಗಿನವರ ಕೈಯಿಂದ ಯಾವ ವಸ್ತುವನ್ನೂ ತಗೊಳ್ಳೋ ಹಾಗಿಲ್ಲ."

ಇರಲಿ ಎಂದು ಸಾಹೇಬರು ನಾಲ್ಕನೆಯ ಚೀಟಿ ತೆಗೆದರು. ಅದರಂತೆ ಹೊಸ ಟ್ಯೂಬನ್ನು ಟೈರಿನ ಬಾಯಿಗೆ ಹಿಡಿದರು. ಆಗ ಮಾವ ಕೆಮ್ಮಿದರು.

ನಲವತ್ತು ವರ್ಷದ ಕಣ್ಣಿಗೆ ಅದು ಮೊದಲೇ ಬಿದ್ದಿತ್ತು. ಟೈರಿನಲ್ಲಿ ನಾಟಿಕೊಂಡ ಗಾಜಿನ ಚೂರು ಬಿಸಿಲಿಗೆ ಮಿಣಕ್ ಎನ್ನುತ್ತಿತ್ತು. ಅದನ್ನು ತೆಗೆಯದೆ ಟ್ಯೂಬು ಹಾಕಿದರೆ ಎರಡು ನಿಮಿಷದಲ್ಲಿ ಅದೂ ಹೋಗುತ್ತದೆ, ಅಲ್ಲಿಗೆ ಪಂದ್ಯವೂ ಮುಗಿಯುತ್ತದೆ. ಮಾವ ಇನ್ನೊಮ್ಮೆ ಕೆಮ್ಮಿದರು, ಜೋರಾಗಿ.

"ಯಜಮಾನ್ರೇ, ಸನ್ನೆ ಮಾಡೋ ಹಾಗಿಲ್ಲ," ಎಂದ ರೆಫರಿ. "ಇನ್ನೊಂದು ಸಲ ಕೆಮ್ಮಿದ್ರೆ ಅವರನ್ನ ಪಂದ್ಯದಿಂದ ಹೊರಗೆ ಹಾಕ್ತೀನಿ."

ಮಾವ ಎರಡೂ ಕೈಯಿಂದ ತಮ್ಮ ಬಾಯಿ ಮುಚ್ಚಿಕೊಂಡು, ನೋಡಲಾರದೆ ಬೆನ್ನು ತಿರುಗಿಸಿ ನಿಂತರು. ದರ್ಜಿ ಅವರಿಗೆ ಗಾಳಿ ಬೀಸತೊಡಗಿದ.

ಸಾಹೇಬರು ಆ ಬೆನ್ನನ್ನು ನೋಡಿದರು. ಏನೋ ತಪ್ಪಾಗಿದೆ, ಏನೆಂದು ತಿಳಿಯದು. ಕೈಯಲ್ಲಿದ್ದ ಟ್ಯೂಬನ್ನು ತೊಡೆಯ ಮೇಲಿಟ್ಟರು. ಅಷ್ಟು ಜನರೂ ಕೇಳುವಂತೆ ಹೇಳಿದರು, "ಮಾವ, ನಂಗೆ ಗೊತ್ತಿಲ್ಲ. ಅವತ್ತು ಗೊತ್ತು ಅಂತ ಸುಳ್ಳು ಹೇಳ್ದೆ. ನಾಲ್ಕು ಪಂಕ್ಚರ್ ನಾನು ಹಾಕ್ಲಿಲ್ಲ. ಬೇರೆಯವರು ಮಾಡಿದ್ರು, ನಾನು ಪಕ್ಕದಲ್ಲಿ ನಿಂತು ಬರ್ಕೊಂಡೆ, ಅಷ್ಟೇ."

ಮಾವ ತಿರುಗಲಿಲ್ಲ, ಮಾತಾಡುವಂತೆಯೂ ಇರಲಿಲ್ಲ. ಸಾಹೇಬರಿಗೆ ನಾಚಿಕೆಯಿಂದ ಕಿವಿ ಸುಡುತ್ತಿತ್ತು, ಆದರೆ ಹನ್ನೆರಡು ವರ್ಷದಿಂದ ಬೆನ್ನ ಮೇಲಿದ್ದ ಏನೋ ಒಂದು ಇಳಿದಂತೆಯೂ ಆಯಿತು. ತಲೆ ಸ್ವಲ್ಪ ತಿಳಿಯಾಯಿತು. ಕಣ್ಣು ಮುಚ್ಚಿ ನೆನಪು ಮಾಡಿಕೊಂಡರು. ಕಡ್ಡಿ ಆಸಾಮಿ, ಡಾಕ್ಟರು, ಮೇಡಂ... ನಡುವೆ ಸಂಗೀತದ ಟೀಚರು. ಆಯಮ್ಮ ಗುನುಗುತ್ತ ಮಾಡಿದ್ದೇನು? ಬೆರಳು! ಕಾರಣ ತಿಳಿಯದು, ಆದರೆ ಕ್ರಮ ಕ್ರಮವೇ. ಸಾಹೇಬರು ಟೈರಿನೊಳಗೆ ಬೆರಳು ತೂರಿಸಿ ಭಕ್ತಿಯಿಂದ ಸುತ್ತ ಎಳೆದರು.

"ಅಯ್ಯಯ್ಯೋ!"

ಅಳಿಯನ ಬಾಯಿಂದ ಬಂದ ಯಾವ ಮಾತೂ ಮಾವನಿಗೆ ಅಷ್ಟು ಇಂಪಾಗಿ ಕೇಳಿರಲಿಲ್ಲ. ಬಾಯಿ ಮುಚ್ಚಿದ ಕೈ ತೆಗೆಯದೆಯೇ ಅವರು ತಿರುಗಿದರು. ಸಾಹೇಬರು ರಕ್ತದ ಬೆರಳು ಬಾಯಲ್ಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಗಾಜಿನ ಚೂರು ಎತ್ತಿ ಹಿಡಿದು, ಕಾರಣ ತಿಳಿದವರ ಮುಖ ಮಾಡಿಕೊಂಡು ಕುಳಿತಿದ್ದರು. ಜನ ಶಿಳ್ಳೆ ಹಾಕಿದರು. ಟ್ಯೂಬು ಒಳಗೆ ಹೋಯಿತು. ಮೊದಲನೆಯ ಪಂಪು ಕೈಕೊಟ್ಟಿತು, ಎರಡನೆಯದು ಕೆಲಸ ಮಾಡಿತು. ಎರಡು ಪಂಪಿನ ವಿಷಯದಲ್ಲಿ ಮಾತ್ರ ತಾವು ಸರಿ ಎಂದು ಸಾಹೇಬರು ಆಗಲೂ ಒಮ್ಮೆ ಮಾವನ ಕಡೆ ನೋಡದೆ ಇರಲಿಲ್ಲ.

ಹನ್ನೆರಡೂ ಇಪ್ಪತ್ತೆರಡಕ್ಕೆ ಅವರು ಸೈಕಲ್ ಹತ್ತಿದರು. ಉಳಿದ ಹದಿನೈದು ಕಿಲೋಮೀಟರನ್ನು ಹೇಗೆ ತುಳಿದರೆಂದು ಅವರಿಗೇ ನೆನಪಿಲ್ಲ. ಒಂದು ಗಂಟೆಗೆ ಒಂದು ನಿಮಿಷ ಇರುವಾಗ ಗೆರೆ ದಾಟಿದರು. ಆಮೇಲೆ ಓಡಿದರು, ತಮ್ಮ ಎಂದಿನ ಓಟ, ನಿಧಾನ ಮತ್ತು ನಿಲ್ಲದ್ದು. ನಾಲ್ಕಕ್ಕೆ ಆರು ನಿಮಿಷ ಇರುವಾಗ, ಎಲ್ಲರಿಗಿಂತ ಕೊನೆಯವರಾಗಿ, ಪಂದ್ಯ ಮುಗಿಸಿದರು.

ಗೆರೆಯ ಆಚೆ ನಾಲ್ವರು ಸಾಲಾಗಿ ನಿಂತು ಕಾಯುತ್ತಿದ್ದರು. ಮೇಡಂ, ಡಾಕ್ಟರು, ಟೀಚರು, ಕಡ್ಡಿ ಆಸಾಮಿ. ಪ್ರತಿಯೊಬ್ಬರ ಕೈಯಲ್ಲೂ ಪೊಟ್ಟಣ ಒಡೆಯದ ಹೊಸ ಟ್ಯೂಬು. "ವಾಪಸ್ ತಗೊಂಡಿದ್ದಕ್ಕೆ ಈಗ ನೀವು ರುಜು ಹಾಕಿ," ಎಂದರು ಮೇಡಂ. ಸಾಹೇಬರ ಕಣ್ಣು ತುಂಬಿ ಬಂತು. ಹೆಡ್‌ಮಿಸ್ಸು ಹೆಂಡತಿಯನ್ನು ತಬ್ಬಿಕೊಂಡು, "ನೀನು ಹೇಳಿದ ಹಾಗೇ ನಾಲ್ಕಕ್ಕೆ ವಾಪಸ್ ಬಂದ್ರಲ್ಲಮ್ಮ!" ಎಂದು ಗೊಳೋ ಎಂದರು.

ಮಾವ ಈ ಗಲಾಟೆಗೆ ಸೇರಲಿಲ್ಲ. ನಿಲ್ಲಿಸಿದ್ದ ಸೈಕಲ್ಲಿನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕುಳಿತು, ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿದರು. ಇನ್ನೊಮ್ಮೆ ಒತ್ತಿದರು.

"ಗಾಳಿ ನಿಂತಿದೆ," ಎಂದರು ಮಾವ. ಎದ್ದು ಕೈ ಒರೆಸಿಕೊಂಡರು. "ನಾಳೆ ಅಂಗಡಿಗೆ ಬನ್ನಿ ಅಳಿಯಂದ್ರೇ, ಸರಿಯಾಗಿ ತೋರಿಸಿಕೊಡ್ತೀನಿ," ಎಂದರು.

ಸಾಹೇಬರ ಬಾಯಿ 'ಗೊತ್ತು ಮಾವ' ಎನ್ನಲು ತೆರೆದಿತ್ತು. ತೆರೆದ ಬಾಯನ್ನು ಮುಚ್ಚಿ, ಗಾಯದ ಬೆರಳನ್ನು ಒಮ್ಮೆ ನೋಡಿಕೊಂಡು ಕೇಳಿದರು, "ಎಷ್ಟು ಗಂಟೆಗೆ ಬರ್ಲಿ ಮಾವ?"

ಮಾವ ತಲೆದೂಗಿದರು. ಒಂದೇ ಸಲ, ಆದರೆ ಎಲ್ಲರಿಗೂ ಕಾಣುವ ಹಾಗೆ.

"ಎಂಟಕ್ಕೆ ಬನ್ನಿ. ಚೀಟಿ ಪುಸ್ತಕ ಮನೇಲಿ ಬಿಟ್ಟು ಬನ್ನಿ."